ಯೇಫರ್ ಪಿಲ್ಸ್‌ನರ್‌ನ ಕಹಿಯ ಜಾಡಿನಲ್ಲಿ: ಫ್ರೀಸ್‌ಲ್ಯಾಂಡಿನ ಒಂದು ಪ್ರವಾಸ

ಬುಧವಾರ, ಬ್ರೆಮೆನ್

ಜರ್ಮನಿಯ ಬಿಯರ್ ಎಂದೊಡನೆ ನಮ್ಮಲ್ಲಿ ಹೆಚ್ಚಿನವರ ಕಣ್ಣೆದುರಿಗೆ ಬರುವುದು ಮ್ಯೂನಿಕ್ ನಗರ, ಅಲ್ಲಿಯ ಅಕ್ಟೋಬರ್‌ಫೆಸ್ಟ್ ಮತ್ತು ಎರಡೂ ಕೈಯಲ್ಲಿ ಹಿಡಿಯಬೇಕಾದ ಒಂದು ಲೀಟರಿನ ಮಗ್‌ಗಳು. ಆ ಚಿತ್ರ ದಕ್ಷಿಣದ ಬವೇರಿಯಾಕ್ಕೆ ಸಲ್ಲುವಂಥದ್ದು; ಉತ್ತರ ಸಮುದ್ರದ ಕಡೆಗೆ ಹೋದಂತೆ ಅದಕ್ಕೆ ಅರ್ಥ ಉಳಿಯುವುದಿಲ್ಲ. ಇಲ್ಲಿ ಬಿಯರ್ ಕೊಡಿ ಎಂದು ಸುಮ್ಮನೆ ಕೇಳಿದರೆ ಬರುವುದು ಪಿಲ್ಸ್‌ನರ್: ತೆಳು ಹೊಂಬಣ್ಣದ, ಸಪೂರವಾದ ಸಣ್ಣ ಲೋಟದಲ್ಲಿ ಬಿಳಿ ನೊರೆ ಹೊತ್ತು ಬರುವ, ತನ್ನ ಕಹಿಯನ್ನು ಮರೆಮಾಚದ ಪಾನೀಯ. ಉತ್ತರದ ಈ ಪಿಲ್ಸ್‌ನರ್‌ಗಳ ನಡುವೆಯೂ ಕಹಿಗೆಂದೇ ಹೆಸರಾದದ್ದು ಯೇಫರ್. ಲೋವರ್ ಸ್ಯಾಕ್ಸನಿ ರಾಜ್ಯದ ಫ್ರೀಸ್‌ಲ್ಯಾಂಡ್ ಜಿಲ್ಲೆಯಲ್ಲಿ, ಸಮುದ್ರದಿಂದ ಹೆಚ್ಚು ದೂರವಿಲ್ಲದ ಒಂದು ಪುಟ್ಟ ಊರಿನ ಹೆಸರೇ ಈ ಬಿಯರಿನ ಹೆಸರು. ಊರನ್ನೂ ಬಿಯರನ್ನೂ ಒಟ್ಟಿಗೆ ನೋಡಬೇಕೆಂದು ಸೆಪ್ಟೆಂಬರಿನ ಒಂದು ವಾರ ಹೊರಟೆ. ಮೊದಲ ನಿಲುಗಡೆ ಬ್ರೆಮೆನ್.

ಬ್ರೆಮೆನ್‌ನ ಪುರಭವನವನ್ನೂ ಅದರೆದುರು 1404ರಿಂದ ನಿಂತಿರುವ ರೋಲಂಡ್‌ನ ಕಲ್ಲಿನ ಪ್ರತಿಮೆಯನ್ನೂ ನೋಡಿಕೊಂಡು, ಇದೇ ಊರಿನಲ್ಲಿ ನೆಲೆಸಿರುವ ಮೈಸೂರಿನ ಗೆಳೆಯನೊಬ್ಬನ ಜೊತೆ ವೇಸರ್ ನದಿಯ ದಂಡೆಯ ಶ್ಲಾಖ್ಟೆಗೆ ಹೋದೆ. ಬ್ರೆಮೆನ್‌ಗೆ ತನ್ನದೇ ಪಿಲ್ಸ್‌ನರ್ ಇದೆ: 1873ರಲ್ಲಿ ಆರಂಭವಾದ, ಊರಿನ ಲಾಂಛನದ ಕೀಲಿಕೈಯನ್ನೇ ತನ್ನ ಗುರುತಾಗಿ ಮಾಡಿಕೊಂಡ ಬೆಕ್ಸ್. ಜಗತ್ತಿನ ಮೂಲೆಮೂಲೆಗೂ ಹೋಗುವ ಬಿಯರ್ ಅದು. ಯೇಫರ್ ಕೂಡ ಹೊರದೇಶಗಳಿಗೆ ಹೋಗುತ್ತದಾದರೂ ಅದರ ಮಾತು ಮನೆಯ ಮಾತು. ಎರಡನ್ನೂ ಅಕ್ಕಪಕ್ಕ ಇರಿಸಿಕೊಂಡು ಕುಡಿದು ನೋಡುವುದೇ ಆ ಸಂಜೆಯ ಕೆಲಸವಾಯಿತು.

ಪಿಲ್ಸ್‌ನರ್ ಎಂಬ ಬಗೆ ಹುಟ್ಟಿದ್ದು ಜರ್ಮನಿಯಲ್ಲಿ ಅಲ್ಲ, ಬೊಹೀಮಿಯಾದ ಪಿಲ್ಸೆನ್ ಪಟ್ಟಣದಲ್ಲಿ, 1842ರಲ್ಲಿ. ಅದನ್ನು ಮೊದಲು ತಯಾರಿಸಿದವನು ಮಾತ್ರ ಬವೇರಿಯಾದ ಫಿಲ್ಸ್‌ಹೋಫೆನ್‌ನವನಾದ ಯೋಸೆಫ್ ಗ್ರೋಲ್. ತಳದಲ್ಲಿ ಹುದುಗುವ ಯೀಸ್ಟ್‌ನ ವಿದ್ಯೆಯನ್ನು ಅವನು ತನ್ನ ನಾಡಿನಿಂದ ಒಯ್ದ; ತಿಳಿಬಣ್ಣದ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ), ಜಾಟೆಕ್ ಪ್ರದೇಶದ ಸುವಾಸನೆಯ ಹಾಪ್ಸ್ (ಬಿಯರಿಗೆ ಕಹಿ, ಪರಿಮಳ ಕೊಡುವ ಬಳ್ಳಿಯ ಹೂಗೊಂಚಲು) ಹಾಗೂ ಲವಣಾಂಶ ತೀರಾ ಕಡಿಮೆಯಿರುವ ಮೃದು ನೀರು ಅಲ್ಲಿ ಸಿಕ್ಕವು. ಆ ಕಾಲದ ಹೆಚ್ಚಿನ ಬಿಯರ್‌ಗಳು ಕಂದು ಬಣ್ಣದವಾಗಿದ್ದುದರಿಂದ ಗಾಜಿನ ಲೋಟದಲ್ಲಿ ಹೊಳೆಯುವ ಈ ಹೊಸ ಬಿಯರ್ ಜನರ ಕಣ್ಣು ಸೆಳೆಯಿತು. ರೈಲ್ವೆ ಬಂದ ಮೇಲೆ, 1870ರ ದಶಕದಲ್ಲಿ ಕಾರ್ಲ್ ಫಾನ್ ಲಿಂಡೆಯ ಶೈತ್ಯಯಂತ್ರ ಬಂದ ಮೇಲೆ, ತಂಪಾದ ಗುಹೆಗಳಿಲ್ಲದ ಉತ್ತರದ ಬಯಲಿನಲ್ಲೂ ಇಂಥ ಬಿಯರನ್ನು ವರ್ಷವಿಡೀ ತಯಾರಿಸುವುದು ಸಾಧ್ಯವಾಯಿತು. ಡ್ರೆಸ್ಡೆನ್ ಬಳಿಯ ರಾಡೆಬೆರ್ಗ್‌ನಲ್ಲಿ 1872ರಲ್ಲಿ ಆರಂಭವಾದ ಬ್ರೂವರಿ, ಪಿಲ್ಸ್‌ನರ್ ಬಗೆಯನ್ನೇ ನಂಬಿ ನಿಂತ ಜರ್ಮನಿಯ ಮೊದಲಿಗರಲ್ಲಿ ಎಣಿಸಲ್ಪಡುತ್ತದೆ.

ಜರ್ಮನರು ಬೊಹೀಮಿಯಾದ ಬಿಯರನ್ನು ಹಾಗೆಯೇ ನಕಲು ಮಾಡಲಿಲ್ಲ. ಚೆಕ್ ಪಿಲ್ಸ್‌ನರ್‌ನಲ್ಲಿ ಮಾಲ್ಟಿನ ಸಕ್ಕರೆಯ ಒಂದಂಶ ಹುದುಗದೆ ಉಳಿಯುತ್ತದೆ; ಹಾಗಾಗಿ ಅದರಲ್ಲಿ ಕಹಿ ಎಷ್ಟಿದ್ದರೂ ಕೆಳಗೊಂದು ದುಂಡನೆಯ ಸಿಹಿ ಇರುತ್ತದೆ. ಜರ್ಮನ್ ಪಿಲ್ಸ್‌ನಲ್ಲಿ ಯೀಸ್ಟ್‌ಗೆ ತಿನ್ನಲು ಸಾಧ್ಯವಿರುವ ಸಕ್ಕರೆಯನ್ನೆಲ್ಲ ಬಹುಮಟ್ಟಿಗೆ ತಿನ್ನಲು ಬಿಡುತ್ತಾರೆ. ಬಣ್ಣ ಇನ್ನಷ್ಟು ತಿಳಿ, ಮೈ ಇನ್ನಷ್ಟು ಹಗುರ, ಬಾಯಲ್ಲಿ ಉಳಿಯುವುದು ಶುಷ್ಕತೆ. ದಕ್ಷಿಣದಿಂದ ಉತ್ತರಕ್ಕೆ ಸಾಗಿದಂತೆ ಈ ಶುಷ್ಕತೆಯೂ ಕಹಿಯೂ ಹೆಚ್ಚುತ್ತವೆ ಎಂಬುದು ಕುಡಿಯುವವರ ನಡುವಿನ ಹಳೆಯ ನಂಬಿಕೆ. ಬ್ರೂವರಿಯಿಂದ ಬ್ರೂವರಿಗೆ ಅಪವಾದಗಳು ಸಾಕಷ್ಟಿದ್ದರೂ ಒಟ್ಟಾರೆ ಅದು ಸುಳ್ಳಲ್ಲ.

ಎರಡು ಲೋಟಗಳಲ್ಲಿ ಬೆಕ್ಸ್ ಮೊದಲ ಗುಟುಕಿಗೇ ಪರಿಚಿತವೆನಿಸಿತು: ಚುರುಕಾಗಿ, ಶುಚಿಯಾಗಿ, ಯಾರಿಗೂ ನೋವಾಗದಂತೆ ಮುಗಿಯುವ ಬಿಯರ್. ಯೇಫರ್‌ನ ಮೊದಲ ಕ್ಷಣವೂ ಅಷ್ಟೇ ಸಾಧುವಾಗಿತ್ತು. ನುಂಗಿದ ಮೇಲೆ ನಾಲಿಗೆಯ ಹಿಂಬದಿಯಲ್ಲಿ ಕಹಿ ಎದ್ದು ನಿಂತಿತು; ಮುಂದಿನ ಗುಟುಕಿನವರೆಗೂ ಅದು ಇಳಿಯಲಿಲ್ಲ. ಗೆಳೆಯನಿಗೆ ಅದು ರುಚಿಸಲಿಲ್ಲ. ನನ್ನ ಲೋಟ ಮಾತ್ರ ಬೇಗ ಖಾಲಿಯಾಯಿತು.

ಗುರುವಾರ, ಯೇಫರ್

ಬ್ರೆಮೆನ್‌ನಿಂದ ಓಲ್ಡೆನ್‌ಬುರ್ಗ್ ಮಾರ್ಗವಾಗಿ ಜಾಂಡೆ ಎಂಬಲ್ಲಿಗೆ ಹೋಗಿ, ಅಲ್ಲಿ ಸಣ್ಣ ರೈಲಿಗೆ ಬದಲಾಯಿಸಿಕೊಂಡು ಯೇಫರ್ ತಲುಪಬೇಕು. ಓಲ್ಡೆನ್‌ಬುರ್ಗ್ ದಾಟಿದ ಮೇಲೆ ನೆಲದಲ್ಲಿ ಏರಿಳಿತವೇ ಇಲ್ಲ. ಹುಲ್ಲುಗಾವಲು, ಅದರ ನಡುವೆ ನೇರವಾಗಿ ಕೊರೆದ ನೀರಿನ ಕಾಲುವೆಗಳು, ಕಪ್ಪುಬಿಳಿ ಹಸುಗಳು, ಗಾಳಿಯಂತ್ರಗಳು, ಕೆಂಪು ಇಟ್ಟಿಗೆಯ ಒಂಟಿ ಮನೆಗಳು. ಈ ನೆಲದ ಬಹುಭಾಗ ಶತಮಾನಗಳ ಕಾಲ ಒಡ್ಡು ಕಟ್ಟಿ ಸಮುದ್ರದಿಂದ ಕಸಿದುಕೊಂಡದ್ದು.

ಯೇಫರ್‌ನ ಜನಸಂಖ್ಯೆ 14,000ದ ಆಸುಪಾಸು. ಇಷ್ಟು ಚಿಕ್ಕ ಊರಿಗೆ ಎರಡು ಎತ್ತರದ ಗುರುತುಗಳು. ಒಂದು ಅರಮನೆಯ ಗೋಪುರ; ಮತ್ತೊಂದು ಬ್ರೂವರಿಯ ಹುದುಗು ಗೋಪುರಗಳು. ಕನ್ನಡಿಯಂಥ ಗಾಜು ಹೊದಿಸಿದ ಆ ಗೋಪುರಗಳೊಳಗೆ ಬಿಯರ್ ಹುದುಗುವ, ಮಾಗುವ ತೊಟ್ಟಿಗಳಿವೆ. ಹಳೆಯ ಇಟ್ಟಿಗೆ ಮನೆಗಳ ಓಣಿಯೊಂದರ ಕೊನೆಯಲ್ಲಿ ಇದ್ದಕ್ಕಿದ್ದಂತೆ ಮೋಡಗಳನ್ನು ಪ್ರತಿಫಲಿಸುವ ಗಾಜಿನ ಗೋಡೆ ಎದುರಾದಾಗ ಅದು ಬ್ಯಾಂಕಿನ ಕೇಂದ್ರ ಕಚೇರಿ ಇರಬಹುದೆನಿಸುತ್ತದೆ. ಗಾಳಿಯಲ್ಲಿ ಬೆರೆತ ಬೆಂದ ಧಾನ್ಯದ ವಾಸನೆ ಸಂದೇಹ ಪರಿಹರಿಸುತ್ತದೆ.

ಬ್ರೂವರಿಯನ್ನು 1848ರಲ್ಲಿ ಡೀಡ್ರಿಷ್ ಕ್ಯೋನಿಗ್ ಸ್ಥಾಪಿಸಿದ. ಜರ್ಮನಿಯ ನಗರಗಳಲ್ಲಿ ಕ್ರಾಂತಿಯ ಗದ್ದಲ ನಡೆಯುತ್ತಿದ್ದ ವರ್ಷ ಅದು. ಓಲ್ಡೆನ್‌ಬುರ್ಗ್ ಸಂಸ್ಥಾನದ ಈ ಮೂಲೆಯಲ್ಲಿ ಒಬ್ಬನು ಸಣ್ಣದೊಂದು ಬಿಯರ್ ವ್ಯಾಪಾರ ಆರಂಭಿಸಿದ್ದನ್ನು ಯಾರೂ ಗಮನಿಸಿರಲಾರರು. 1867ರಲ್ಲಿ ಅವನು ತೀರಿಕೊಂಡ ಮೇಲೆ ಬ್ರೂವರಿ ಮಗನ ಕೈಯಿಂದ ಥಿಯೊಡೋರ್ ಫೆಟ್‌ಕ್ಯೋಟರ್ ಎಂಬ ಉದ್ಯಮಿಗೆ ಮಾರಾಟವಾಯಿತು; ಊರಾಚೆಗೆ ಹೆಸರು ಮಾಡುವ ಮಟ್ಟಕ್ಕೆ ಅದನ್ನು ಬೆಳೆಸಿದವನು ಅವನೇ. 1922ರಲ್ಲಿ ಅದು ಹ್ಯಾಂಬರ್ಗಿನ ಬವೇರಿಯಾ ಸಾಂಕ್ಟ್ ಪೌಲಿ ಬ್ರೂವರಿಯ ಪಾಲಾಯಿತು, 1990ರ ದಶಕದಲ್ಲಿ ಹೋಲ್‌ಸ್ಟನ್ ಕಂಪನಿಯ ತೆಕ್ಕೆಗೆ ಹೋಯಿತು, ಆಮೇಲೆ 2005ರ ಸುಮಾರಿಗೆ ಯೋಟ್ಕರ್ ಕುಟುಂಬದ ರಾಡೆಬೆರ್ಗರ್ ಸಮೂಹಕ್ಕೆ ಸೇರಿತು. ಅಂದರೆ ಊರಿನ ಹೆಸರು ಹೊತ್ತ ಈ ಬಿಯರಿನ ಒಡೆತನ ಊರಿನ ಕೈತಪ್ಪಿ ಒಂದು ಶತಮಾನವೇ ಆಗಿದೆ.

ಬ್ರೂವರಿಯ ಸಂಗ್ರಹಾಲಯದಲ್ಲಿ ಹಳೆಯ ಪೀಪಾಯಿಗಳು, ಬಾಟಲಿಗಳು, ಉಪಕರಣಗಳನ್ನು ನೋಡುತ್ತ ಹೋದಾಗ ಕಹಿಯ ಹುಟ್ಟು ಎಲ್ಲಿ ಎಂಬುದು ಸ್ಪಷ್ಟವಾಗುತ್ತದೆ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ನುಚ್ಚಾಗಿ ಒಡೆದು, ಬಿಸಿನೀರಿನಲ್ಲಿ ಕಲಸಿ, ಪಿಷ್ಟ ಸಕ್ಕರೆಯಾಗುವಂತೆ ಮಾಡಿ, ಆ ಸಿಹಿ ರಸವನ್ನು ಸೋಸಿ ಕುದಿಸುತ್ತಾರೆ. ಹಾಪ್ಸ್ ಸೇರುವುದು ಈ ಕುದಿಯುವ ಹಂತದಲ್ಲಿ. ಹಾಪ್ಸ್‌ನ ಹೂಗೊಂಚಲಿನ ಪಕಳೆಗಳ ಬುಡದಲ್ಲಿ ಹಳದಿ ಪುಡಿಯಂಥ ಅಂಟು ಇರುತ್ತದೆ. ಬೆರಳುಗಳ ನಡುವೆ ಹೊಸಕಿದರೆ ಹುಲ್ಲು, ನಿಂಬೆಸಿಪ್ಪೆ ಮತ್ತು ಸ್ವಲ್ಪ ರಾಳದ ವಾಸನೆ ಏಳುತ್ತದೆ, ಬೆರಳು ಜಿಗುಟಾಗುತ್ತದೆ. ಅದರಲ್ಲಿರುವ ಆಲ್ಫಾ ಆಮ್ಲಗಳು ತಣ್ಣೀರಿನಲ್ಲಿ ಅಷ್ಟಾಗಿ ಕರಗುವುದಿಲ್ಲ. ದೀರ್ಘಕಾಲ ಕುದಿಸಿದಾಗ ಅವುಗಳ ರಚನೆ ಬದಲಾಗಿ ಐಸೊ ಆಲ್ಫಾ ಆಮ್ಲಗಳಾಗುತ್ತವೆ. ಬಿಯರಿನ ಕಹಿ ಮುಖ್ಯವಾಗಿ ಇವುಗಳದೇ. ಬೇಗ ಹಾಕಿದ ಹಾಪ್ಸ್ ಕಹಿ ಕೊಡುತ್ತದೆ, ಅದರ ಪರಿಮಳ ಆವಿಯಾಗಿ ಹೋಗುತ್ತದೆ. ತಡವಾಗಿ ಹಾಕಿದ್ದು ಪರಿಮಳ ಉಳಿಸುತ್ತದೆ, ಕಹಿ ಕಡಿಮೆ ಕೊಡುತ್ತದೆ. ಒಂದು ಲೀಟರಿಗೆ ಸುಮಾರು ಒಂದು ಮಿಲಿಗ್ರಾಂ ಐಸೊ ಆಲ್ಫಾ ಆಮ್ಲವಿದ್ದರೆ ಅದನ್ನು ಒಂದು ಕಹಿ ಮಾನವೆಂದು ಎಣಿಸುತ್ತಾರೆ. ಜರ್ಮನ್ ಪಿಲ್ಸ್‌ಗಳು ಸಾಮಾನ್ಯವಾಗಿ 25ರಿಂದ 40 ಮಾನಗಳ ನಡುವೆ ಬರುತ್ತವೆ. ಯೇಫರ್‌ನ ಜಾಗ ಈ ಸಾಲಿನ ಮೇಲ್ತುದಿಯ ಕಡೆಗೆ. ಮದ್ಯಸಾರ ಮಾತ್ರ ಇತರ ಪಿಲ್ಸ್‌ಗಳಷ್ಟೇ, ಶೇಕಡ 4.9. ಬಿಯರಿನ ಬಲವನ್ನು ಮದ್ಯಸಾರದಿಂದಲೇ ಅಳೆಯುವ ನಮ್ಮ 'ಸ್ಟ್ರಾಂಗ್' ಲೆಕ್ಕ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ.

'ನಾಡು ಹೇಗೋ ಯೇಫರ್ ಹಾಗೆ' ಎಂಬುದು ಈ ಬಿಯರಿನ ಪ್ರಸಿದ್ಧ ಜಾಹೀರಾತು ವಾಕ್ಯ. ಗಾಳಿ ಬೀಸುವ ಸಮುದ್ರತೀರ, ದೀಪಸ್ತಂಭ, ಮರಳದಿಬ್ಬದ ಮೇಲೆ ಕೈಚಾಚಿ ಬೆನ್ನಡಿಯಾಗಿ ಬೀಳುವ ಮನುಷ್ಯ: 1990ರ ದಶಕದಲ್ಲಿ ಜರ್ಮನ್ ದೂರದರ್ಶನ ನೋಡಿದವರಿಗೆ ಈ ಚಿತ್ರ ಮರೆಯುವುದಿಲ್ಲವಂತೆ. ಜಾಹೀರಾತು ಚೆಂದ, ಒಪ್ಪಿಕೊಳ್ಳುತ್ತೇನೆ. ಆದರೆ ಹಾಪ್ಸ್‌ನ ಬಳ್ಳಿ ಈ ಸಮುದ್ರದ ಗಾಳಿಯಲ್ಲಿ ಬೆಳೆಯುವುದಿಲ್ಲ. ಜರ್ಮನಿಯ ಹಾಪ್ಸ್‌ನಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪಾಲು ಬೆಳೆಯುವುದು ನೂರಾರು ಕಿಲೋಮೀಟರ್ ದಕ್ಷಿಣದ, ಬವೇರಿಯಾದ ಹಾಲರ್‌ಟಾವ್ ಪ್ರದೇಶದಲ್ಲಿ. ಸಮುದ್ರದ ಉಪ್ಪುಗಾಳಿಗೆ ಬಿಯರಿನ ಕಹಿಯನ್ನು ಆರೋಪಿಸುವುದು ಕವಿತೆಯಾದೀತೇ ಹೊರತು ಕಾರಣವಾಗದು. ಈ ನಾಡು ತನ್ನ ಬಿಯರಿಗೆ ನಿಜವಾಗಿ ಕೊಟ್ಟದ್ದನ್ನು ಹುಡುಕುವುದಾದರೆ ಎರಡು ಕಡೆ ನೋಡಬೇಕು: ಒಂದು ನೀರು, ಇನ್ನೊಂದು ಕುಡಿಯುವವರ ನಾಲಿಗೆ.

ನೀರಿನ ಮಾತು ಬ್ರೂವರಿಯವರೂ ಹೆಮ್ಮೆಯಿಂದ ಆಡುತ್ತಾರೆ. ತಮ್ಮದು ಮೃದು ನೀರು ಎನ್ನುತ್ತಾರೆ. ಇದು ಸಣ್ಣ ಸಂಗತಿಯಲ್ಲ. ಬೈಕಾರ್ಬೊನೇಟ್ ಹೆಚ್ಚಿರುವ ಗಡಸು ನೀರಿನಲ್ಲಿ ತಿಳಿಬಣ್ಣದ ಮಾಲ್ಟನ್ನು ಕಲಸಿದರೆ ಮಿಶ್ರಣದ ಆಮ್ಲತೆ ಬೇಕಾದಷ್ಟಕ್ಕೆ ಏರುವುದಿಲ್ಲ. ಅಂಥ ನೀರಿನಲ್ಲಿ ಹಾಪ್ಸ್‌ನ ಕಹಿ ಒರಟಾಗಿ, ಗಂಟಲು ಕೆರೆಯುವಂತಾಗುತ್ತದೆ. ಮ್ಯೂನಿಕ್ ಬಹುಕಾಲ ಕಂದುಬಣ್ಣದ ಬಿಯರಿಗೆ ಹೆಸರಾಗಿದ್ದಕ್ಕೆ ಅಲ್ಲಿಯ ಗಡಸು ನೀರೂ ಒಂದು ಕಾರಣ, ಏಕೆಂದರೆ ಹುರಿದ ಮಾಲ್ಟಿನ ಆಮ್ಲತೆ ಆ ಗಡಸನ್ನು ಸರಿದೂಗಿಸುತ್ತಿತ್ತು. ಮೃದು ನೀರಿನಲ್ಲಿ ಕಹಿಯನ್ನು ಏರಿಸಿದರೂ ಅದು ಶುಚಿಯಾಗಿ ಉಳಿಯುತ್ತದೆ. ಇಂದು ಯಾವ ನೀರನ್ನಾದರೂ ಸಂಸ್ಕರಿಸಿ ಬೇಕಾದ ಹದಕ್ಕೆ ತರಬಹುದು. 19ನೆಯ ಶತಮಾನದಲ್ಲಿ ಆ ಅನುಕೂಲ ಇರಲಿಲ್ಲ.

ಶುಕ್ರವಾರ, ಅರಮನೆ ಮತ್ತು ಪಾನಗೃಹ

ಬೆಳಿಗ್ಗೆ ಮಳೆ. ಅರಮನೆಯೊಳಗೆ ಹೋಗಲು ಅದೇ ನೆಪವಾಯಿತು. ಈ ಸೀಮೆಯ ಕೊನೆಯ ಸ್ಥಳೀಯ ಒಡತಿ 'ಫ್ರಾಯ್ಲೈನ್ ಮಾರಿಯಾ' 1536ರಲ್ಲಿ ಯೇಫರ್‌ಗೆ ಪಟ್ಟಣದ ಹಕ್ಕುಗಳನ್ನು ಕೊಟ್ಟಳು, ಮದುವೆಯಾಗದೆ ಉಳಿದಳು, 1575ರಲ್ಲಿ ತೀರಿಕೊಂಡಳು. ಅವಳು ಸಾಯಲಿಲ್ಲ, ಸುರಂಗದಲ್ಲಿ ಮರೆಯಾದಳು, ಮರಳಿ ಬರುವವರೆಗೆ ಗಂಟೆ ಬಾರಿಸುತ್ತಿರಬೇಕು ಎಂಬ ಐತಿಹ್ಯದಂತೆ ಇಂದಿಗೂ ಸಂಜೆ ಹೊತ್ತು ಗಂಟೆ ಬಾರಿಸುತ್ತಾರೆ. ಸಭಾಂಗಣದ ಓಕ್ ಮರದ ಕೆತ್ತನೆಯ ಚಾವಣಿ ಅವಳ ಕಾಲದ್ದು. ಆಮೇಲೆ ಸೀಮೆ ಓಲ್ಡೆನ್‌ಬುರ್ಗ್‌ನವರಿಗೂ 1667ರಲ್ಲಿ ಆನ್‌ಹಾಲ್ಟ್ ಜೆರ್ಬ್‌ಸ್ಟ್ ಮನೆತನಕ್ಕೂ ಹೋಯಿತು. ಆ ಮನೆತನದ ಗಂಡುಸಂತತಿ 1793ರಲ್ಲಿ ಮುಗಿದಾಗ ಉತ್ತರಾಧಿಕಾರ ಬಂದದ್ದು ಅದೇ ಮನೆಯ ಮಗಳಾದ ರಷ್ಯಾದ ಸಾಮ್ರಾಜ್ಞಿ ಎರಡನೆಯ ಕ್ಯಾಥರೀನ್‌ಗೆ. ನಡುವೆ ನೆಪೋಲಿಯನ್ ಕಾಲದ ಕೆಲವು ವರ್ಷ ಬಿಟ್ಟರೆ 1818ರವರೆಗೆ ಈ ಸಣ್ಣ ಊರು ರಷ್ಯಾದ ದೊರೆಗಳ ಆಸ್ತಿಯಾಗಿತ್ತು. ಯೇಫರ್‌ನವರು ತಮ್ಮನ್ನು ಪೂರ್ವ ಫ್ರೀಸ್‌ಲ್ಯಾಂಡಿನವರೆಂದು ಕರೆದರೆ ಯಾಕೆ ತಿದ್ದುತ್ತಾರೆ ಎಂಬುದು ಈ ಇತಿಹಾಸ ಓದಿದ ಮೇಲೆ ಅರ್ಥವಾಗುತ್ತದೆ. ಪಕ್ಕದ ಪೂರ್ವ ಫ್ರೀಸ್‌ಲ್ಯಾಂಡ್ 1744ರಲ್ಲಿ ಪ್ರಷ್ಯಾಕ್ಕೆ ಸೇರಿತು. ಇವರ ದಾರಿ ಬೇರೆ.

ಸಂಜೆ ಬ್ರೂವರಿಗೆ ಸಮೀಪದ ಒಂದು ಪಾನಗೃಹದಲ್ಲಿ ಕುಳಿತೆ. ಬಾರಿನ ಹಿಂದೆ ನಿಂತ ಹೆಂಗಸು ಲೋಟವನ್ನು ತಣ್ಣೀರಿನಲ್ಲಿ ತೊಳೆದು, ಓರೆಯಾಗಿ ಹಿಡಿದು, ನಲ್ಲಿಯನ್ನು ಪೂರ್ತಿ ತೆರೆದು ಅರ್ಧಕ್ಕಿಂತ ಸ್ವಲ್ಪ ಮೇಲಕ್ಕೆ ತುಂಬಿಸಿ ಬದಿಗಿಟ್ಟಳು. ನೊರೆ ಇಳಿಯುವಷ್ಟರಲ್ಲಿ ಇನ್ನೆರಡು ಲೋಟಗಳು ಅದರ ಪಕ್ಕಕ್ಕೆ ಬಂದವು. ಮತ್ತೆ ಮೊದಲಿನದಕ್ಕೆ ತುಂಬಿಸಿ, ಕೊನೆಯಲ್ಲಿ ಒಂದು ಸಣ್ಣ ಧಾರೆಯಿಂದ ನೊರೆಯನ್ನು ಲೋಟದ ಅಂಚಿಗಿಂತ ಒಂದು ಬೆರಳು ಮೇಲಕ್ಕೆ ಎಬ್ಬಿಸಿ, ಲೋಟದ ಕಾಂಡಕ್ಕೆ ಹೂವಿನಾಕಾರದ ಕಾಗದದ ಕೊರಳಪಟ್ಟಿ ತೊಡಿಸಿ ತಂದಿಟ್ಟಳು. ಆ ಪಟ್ಟಿ ಇಳಿಯುವ ಹನಿಗಳನ್ನು ಹೀರುತ್ತದೆ. ಲೋಟದ ಕೆಳಗಿನ ರಟ್ಟಿನ ಮೇಲೆ ಪೆನ್ಸಿಲಿನಿಂದ ಒಂದು ಗೀಟು ಎಳೆದಳು. ಲೆಕ್ಕದ ಪುಸ್ತಕ ಅದೇ. ಒಳ್ಳೆಯ ಪಿಲ್ಸ್ ತುಂಬಿಸಲು ಏಳು ನಿಮಿಷ ಬೇಕು ಎಂಬ ಮಾತು ಜರ್ಮನಿಯಲ್ಲೆಲ್ಲ ಚಾಲ್ತಿಯಲ್ಲಿದೆ. ನನಗೆ ಬಂದ ಲೋಟ ಅದಕ್ಕಿಂತ ಎಷ್ಟೋ ಬೇಗ ಬಂತು. ಏಳು ನಿಮಿಷ ಕಾಯಿಸಿದರೆ ಬಿಯರ್ ಬೆಚ್ಚಗಾಗಿ ಅದರ ಅನಿಲವೂ ಹೋಗುತ್ತದೆಂಬುದು ಎರಡು ಕ್ಷಣ ಯೋಚಿಸಿದರೆ ಯಾರಿಗಾದರೂ ಹೊಳೆಯಬೇಕು.

ಇಲ್ಲಿ ಯೇಫರ್ ಬ್ರೆಮೆನ್‌ನಲ್ಲಿ ಕುಡಿದುದಕ್ಕಿಂತ ಹೆಚ್ಚು ಪದರಗಳಲ್ಲಿ ತೆರೆದುಕೊಂಡಿತು. ಬಣ್ಣ ಒಣಹುಲ್ಲಿನ ಹಳದಿ, ಎದುರಿನ ಕಿಟಕಿಯ ಚೌಕಟ್ಟು ಲೋಟದ ಮೂಲಕ ಗೆರೆಗೆರೆಯಾಗಿ ಕಾಣುವಷ್ಟು ತಿಳಿ. ನೊರೆ ಬಿಗಿಯಾಗಿ ನಿಲ್ಲುತ್ತದೆ, ಪ್ರತಿ ಗುಟುಕಿಗೂ ಗಾಜಿನ ಒಳಮೈಯಲ್ಲಿ ಒಂದೊಂದು ಉಂಗುರ ಬಿಟ್ಟು ಇಳಿಯುತ್ತದೆ. ಹಾಪ್ಸ್ ಹೆಚ್ಚಿರುವ ಬಿಯರಿನ ನೊರೆ ಹೀಗೆ ಅಂಟಿಕೊಳ್ಳುವುದಕ್ಕೆ ಆ ಐಸೊ ಆಲ್ಫಾ ಆಮ್ಲಗಳೇ ಕಾರಣ. ಮೂಗಿಗೆ ಮೊದಲು ಬರುವುದು ಒಣಗಿದ ಗಿಡಮೂಲಿಕೆಯ ವಾಸನೆ, ಅದರ ಹಿಂದೆ ಹೊಸ ಹುಲ್ಲು, ತೀರಾ ಕೆಳಗೆ ಬ್ರೆಡ್ಡಿನ ಅಂಚಿನಂಥ ಮಾಲ್ಟ್. ಹಣ್ಣಿನ ಪರಿಮಳವಿಲ್ಲ, ಹೂವಿನದೂ ಇಲ್ಲ ಎನ್ನಬಹುದು. ಬಾಯಿಗೆ ಬಿದ್ದಾಗ ಒಂದು ಕ್ಷಣ ಧಾನ್ಯದ ಸಿಹಿಯ ಸುಳಿವು. ಅದನ್ನು ಹಿಡಿಯುವಷ್ಟರಲ್ಲಿ ಅದು ಇಲ್ಲ. ನಡುವಿನಲ್ಲಿ ಮೈ ತೀರಾ ಹಗುರ. ಆಮೇಲೆ ಕಹಿ ಬರುತ್ತದೆ, ನಾಲಿಗೆಯ ಬದಿಗಳಿಂದ ಹಿಂದಕ್ಕೆ ಸರಿದು ಗಂಟಲಿನ ಬಾಗಿಲಲ್ಲಿ ನಿಲ್ಲುತ್ತದೆ.

ಈ ಕಹಿಯ ಗುಟ್ಟು ಹಾಪ್ಸ್‌ನ ಪ್ರಮಾಣವೊಂದರಲ್ಲೇ ಇಲ್ಲ ಎಂದು ನನಗೆ ಖಚಿತವಾದದ್ದು ಈ ಮೇಜಿನಲ್ಲಿ. ಇದಕ್ಕಿಂತ ಹೆಚ್ಚು ಕಹಿ ಮಾನಗಳಿರುವ ಅಮೆರಿಕನ್ ಐಪಿಎಗಳನ್ನು (ಹಾಪ್ಸ್ ಧಾರಾಳವಾಗಿ ಹಾಕಿದ ಒಂದು ಬಗೆಯ ಬಿಯರ್) ಕುಡಿದವರಿಗೂ ಯೇಫರ್ ಹೆಚ್ಚು ಕಹಿಯೆನಿಸುವುದುಂಟು, ಏಕೆಂದರೆ ಅವುಗಳಲ್ಲಿ ಕಹಿಗೆ ಎದುರಾಗಿ ಮಾಲ್ಟಿನ ಸಿಹಿಯೂ ಹಣ್ಣಿನ ಪರಿಮಳವೂ ಧಾರಾಳವಾಗಿರುತ್ತವೆ. ನಮ್ಮ ಅಡುಗೆಮನೆಯಲ್ಲಿ ಹಾಗಲಕಾಯಿ ಗೊಜ್ಜಿಗೆ ಬೆಲ್ಲ ಹಾಕುವುದು ಕಹಿಯನ್ನು ತೆಗೆಯಲಿಕ್ಕಲ್ಲ, ಅದಕ್ಕೊಂದು ಜೊತೆ ಕೊಡಲಿಕ್ಕೆ. ಯೇಫರ್ ಬೆಲ್ಲ ಹಾಕದ ಗೊಜ್ಜು. ಯೀಸ್ಟ್ ಸಿಹಿಯನ್ನು ತಿಂದು ಮುಗಿಸಿದ ಮೇಲೆ ಮರೆಗೆ ಏನೂ ಉಳಿಯದೆ ಕಹಿ ಬರಿಮೈಯಲ್ಲಿ ನಿಲ್ಲುತ್ತದೆ. ಇಂಥ ಬಿಯರಿನಲ್ಲಿ ತಯಾರಿಕೆಯ ಸಣ್ಣ ದೋಷವೂ ಅಡಗಿ ಕೂರಲಾರದು. ದಪ್ಪ, ಸಿಹಿ, ಕಪ್ಪು ಬಿಯರ್ ಮಾಡುವುದಕ್ಕಿಂತ ಒಳ್ಳೆಯ ಪಿಲ್ಸ್ ಮಾಡುವುದು ಕಷ್ಟ ಎಂದು ಬ್ರೂವರ್‌ಗಳು ಹೇಳುವುದು ಇದಕ್ಕೇ.

ಪಕ್ಕದ ಮೇಜಿನ ವೃದ್ಧರೊಬ್ಬರು ನನ್ನ ಟಿಪ್ಪಣಿ ಪುಸ್ತಕ ನೋಡಿ ಮಾತಿಗಿಳಿದರು. ತಮ್ಮ ಯೌವನದ ಯೇಫರ್ ಇದಕ್ಕಿಂತ ಕಹಿಯಾಗಿತ್ತು ಎಂಬುದು ಅವರ ದೂರು. ಹಳೆಯ ಕಾಲದ ಎಲ್ಲವೂ ಹೆಚ್ಚು ಚೆನ್ನಾಗಿತ್ತು ಎನ್ನುವ ವಯಸ್ಸು ಅವರದಾದರೂ ಈ ವಿಷಯದಲ್ಲಿ ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ಕಳೆದ ಕೆಲವು ದಶಕಗಳಲ್ಲಿ ಜರ್ಮನ್ ಪಿಲ್ಸ್‌ಗಳ ಸರಾಸರಿ ಕಹಿ ಇಳಿಯುತ್ತ ಬಂದಿರುವುದು ತಿಳಿದ ಸಂಗತಿ. ದೇಶದಾದ್ಯಂತ ಮಾರಾಟವಾಗಬೇಕಾದ ಬಿಯರ್ ಯಾರ ನಾಲಿಗೆಗೂ ಚುಚ್ಚಬಾರದೆಂದು ಕಂಪನಿಗಳು ಬಯಸುತ್ತವೆ. ಹಾಗಿದ್ದೂ ಯೇಫರ್ ಕಹಿಯೆಂಬ ಹೆಸರನ್ನು ಉಳಿಸಿಕೊಂಡಿದೆ. ಒಡೆಯರು ಎಲ್ಲಿಯವರೇ ಆಗಲಿ, ಈ ಹೆಸರನ್ನು ಕಳೆದುಕೊಂಡರೆ ಮಾರಲು ಉಳಿಯುವುದು ಹಸಿರು ಬಾಟಲಿ ಮಾತ್ರ ಎಂಬುದು ಅವರಿಗೆ ಗೊತ್ತಿದ್ದೀತು.

ಶನಿವಾರ, ಕಾರೊಲಿನೆನ್‌ಜೀಲ್

ಮಳೆ ನಿಂತು ಗಾಳಿ ಶುರುವಾಗಿತ್ತು. ಬಸ್ಸಿನಲ್ಲಿ ಕಡಲತಡಿಯ ಕಾರೊಲಿನೆನ್‌ಜೀಲ್‌ಗೆ ಹೊರಟೆ. ದಾರಿಯಲ್ಲಿ ಎಲ್ಲೋ ಒಂದು ಹಳೆಯ ಗಡಿ ದಾಟಿದೆ: 1666ರಲ್ಲಿ ಪೂರ್ವ ಫ್ರೀಸ್‌ಲ್ಯಾಂಡಿಗೂ ಯೇಫರ್ ಸೀಮೆಗೂ ನಡುವೆ ಗೊತ್ತುಮಾಡಿದ, ನಕ್ಷೆಯ ಮೇಲೆ ಚಿನ್ನದ ಬಣ್ಣದಲ್ಲಿ ಎಳೆದರೆಂದು ಹೇಳುವ 'ಚಿನ್ನದ ಗೆರೆ'. ಗೆರೆಯ ಆಚೆ ಪೂರ್ವ ಫ್ರೀಸ್‌ಲ್ಯಾಂಡ್, ಅಂದರೆ ಚಹಾದ ನಾಡು.

ಕಾರೊಲಿನೆನ್‌ಜೀಲ್ 1730ರಲ್ಲಿ ಹುಟ್ಟಿದ ಬಂದರು. ಹಳೆಯ ಬಂದರಿನಲ್ಲಿ ಈಗ ಕಂದು ಹಾಯಿಯ ಮರದ ದೋಣಿಗಳನ್ನು ಪ್ರದರ್ಶನಕ್ಕೆ ನಿಲ್ಲಿಸಿದ್ದಾರೆ. ಅಲ್ಲಿಂದ ಕಾಲುವೆಯ ಗುಂಟ ನಡೆದರೆ ಹಾರ್ಲೆಜೀಲ್. ವಾಂಗೆರೋಗೆ ದ್ವೀಪಕ್ಕೆ ಹೋಗುವ ಹಡಗು ಹೊರಡುವುದು ಇಲ್ಲಿಂದ. ಇಳಿತದ ಸಮಯವಾಗಿದ್ದರಿಂದ ಸಮುದ್ರ ಇರಬೇಕಾದ ಕಡೆ ಬೂದುಬಣ್ಣದ ಕೆಸರಿನ ಬಯಲು ದಿಗಂತದವರೆಗೆ ಹರಡಿತ್ತು. 2009ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ವಾಡನ್ ಸಮುದ್ರವಿದು. ಒಡ್ಡಿನ ಮೇಲೆ ನಿಂತರೆ ಗಾಳಿ ಮಾತನ್ನು ಬಾಯಿಯಿಂದಲೇ ಎತ್ತಿಕೊಂಡು ಹೋಗುತ್ತದೆ; ಜಾಹೀರಾತಿನವರು ಈ ನೋಟವನ್ನು ಬಿಡಲಾರದೆ ಹೋದದ್ದು ಸಹಜವೇ.

ಚಳಿಗೆ ಹೆದರಿ ಚಹಾದಂಗಡಿಗೆ ನುಗ್ಗಿದೆ. ತೆಳು ಪಿಂಗಾಣಿಯ ಬಟ್ಟಲಿಗೆ ಮೊದಲು ಕಲ್ಲುಸಕ್ಕರೆಯ ದೊಡ್ಡ ಹರಳು ಬೀಳುತ್ತದೆ, ಅದರ ಮೇಲೆ ಕುದಿಯುವ ಚಹಾ ಸುರಿದಾಗ ಹರಳು ಸೀಳುವ ಚಿಟಪಟ ಸದ್ದು ಕೇಳುತ್ತದೆ, ಆಮೇಲೆ ಸಣ್ಣ ಸೌಟಿನಿಂದ ಕೆನೆಯನ್ನು ಅಂಚಿನಲ್ಲಿ ಇಳಿಬಿಟ್ಟಾಗ ಅದು ಮುಳುಗಿ ಬಿಳಿ ಮೋಡವಾಗಿ ಮೇಲೇಳುತ್ತದೆ. ಕಲಕಬಾರದು. ಕೆನೆಯಿಂದ ಆರಂಭಿಸಿ, ಚಹಾದ ಒಗರನ್ನು ದಾಟಿ, ತಳದ ಸಿಹಿಗೆ ಬರಬೇಕು. ಮೂರು ಬಟ್ಟಲು ಕುಡಿಯುವುದು ವಾಡಿಕೆ. ಸಾಕೆನಿಸಿದಾಗ ಚಮಚವನ್ನು ಬಟ್ಟಲೊಳಗೆ ನಿಲ್ಲಿಸುತ್ತಾರೆ. ತಲೆಗೆ ವರ್ಷಕ್ಕೆ ಸುಮಾರು 300 ಲೀಟರ್ ಚಹಾ ಕುಡಿಯುವ ಜನ ಇವರು. ಈ ಮಿಶ್ರಣದ ಬೆನ್ನೆಲುಬು ನಮ್ಮ ಅಸ್ಸಾಮಿನ ಎಲೆ. ಪ್ರಷ್ಯಾದ ಎರಡನೆಯ ಫ್ರೆಡ್ರಿಕ್ 1770ರ ದಶಕದ ಕೊನೆಯಲ್ಲಿ ಇವರ ಚಹಾ ಬಿಡಿಸಿ ನಾಡಿನ ಬಿಯರನ್ನೇ ಕುಡಿಸಲು ಹೊರಟು, ಜನರ ಹಟದೆದುರು ಸೋತ. ಆಗ ಯೇಫರ್ ಆನ್‌ಹಾಲ್ಟ್ ಜೆರ್ಬ್‌ಸ್ಟ್‌ನವರ ಕೈಯಲ್ಲಿದ್ದುದರಿಂದ ಆ ಆಜ್ಞೆ ಚಿನ್ನದ ಗೆರೆಯ ಈಚೆಗೆ ತಾಗಲಿಲ್ಲ.

ಈ ಚಹಾಕ್ಕೂ ಆ ಬಿಯರಿಗೂ ಇರುವ ನಂಟು ನೀರಿನದು. ಗಡಸು ನೀರಿನಲ್ಲಿ ಅಸ್ಸಾಮ್ ಚಹಾ ಮಂಕಾಗುತ್ತದೆ, ಮೇಲೆ ಒಂದು ಪೊರೆ ಕಟ್ಟುತ್ತದೆ. ಇಲ್ಲಿಯ ಮೃದು ನೀರಿನಲ್ಲಿ ಅದರ ಒಗರು ತೀಕ್ಷ್ಣವಾಗಿ, ಬಣ್ಣ ಕೆಂಪಾಗಿ ಬರುತ್ತದೆ. ತಲೆಮಾರುಗಳಿಂದ ಇಷ್ಟು ಕಡುಚಹಾ ಕುಡಿದು ಬೆಳೆದವರ ನಾಲಿಗೆ ಕಹಿ, ಒಗರುಗಳಿಗೆ ಹಿಂಜರಿಯುವುದಿಲ್ಲ. ಯೇಫರ್‌ನ ಕಹಿ ಇಲ್ಲಿ ನೆಲೆನಿಂತದ್ದಕ್ಕೆ ಇದೂ ಒಂದು ಕಾರಣವಿರಬೇಕೆಂದು ನನ್ನ ಊಹೆ.

ಮಧ್ಯಾಹ್ನ ಬಂದರಿನ ಒಂದು ಗೂಡಂಗಡಿಯಲ್ಲಿ ಬೇಯಿಸಿದ ಪುಟ್ಟ ಸಿಗಡಿಗಳನ್ನು ತುಂಬಿದ ಬನ್ ಮತ್ತು ಬಾಟಲಿ ಯೇಫರ್ ಕೊಂಡೆ. ಈ ಸಿಗಡಿಗಳನ್ನು ದೋಣಿಯಲ್ಲೇ ಸಮುದ್ರದ ನೀರಿನಲ್ಲಿ ಬೇಯಿಸುವುದರಿಂದ ಅವುಗಳಲ್ಲಿ ಉಪ್ಪು ಚೆನ್ನಾಗಿ ಹಿಡಿದಿರುತ್ತದೆ. ಒಂದು ತುತ್ತಿನ ಮೇಲೆ ಕುಡಿದ ಗುಟುಕಿನಲ್ಲಿ ಕಹಿ ಅರ್ಧಕ್ಕೆ ಇಳಿದಿತ್ತು, ನಿನ್ನೆ ಮಿಂಚಿ ಮಾಯವಾದ ಧಾನ್ಯದ ಸಿಹಿ ಈಗ ನಿಂತು ಮಾತಾಡಿತು. ಉಪ್ಪಿನ ಸೋಡಿಯಂ ನಾಲಿಗೆಯಲ್ಲಿ ಕಹಿಯನ್ನು ಅದುಮುತ್ತದೆ. ಕಹಿ ತಗ್ಗಿದಾಗ ಅದರಡಿ ಸಿಕ್ಕಿದ್ದ ಸಿಹಿ ಮೇಲೇಳುತ್ತದೆ. ಉಪ್ಪುಮೀನು, ಸಿಗಡಿ, ಚಳಿಗಾಲದಲ್ಲಿ ಹಸಿರು ಕೇಲ್ ಸೊಪ್ಪಿನ ಜೊತೆ ಬೇಯಿಸಿದ ಕೊಬ್ಬಿನ ಸಾಸೇಜು: ಇಲ್ಲಿಯ ಊಟ ಇದಾದರೆ ಬಿಯರಿಗೆ ಇಷ್ಟು ಕಹಿ ಬೇಕೇ ಬೇಕು. ಮಾಂಸ ಮುಟ್ಟದವರಿಗೆ ಉಪ್ಪು ಹಾಕಿ ಹುರಿದ ಆಲೂಗಡ್ಡೆಯೂ ಇದೇ ಕೆಲಸ ಮಾಡುತ್ತದೆ.

ಭಾನುವಾರ, ಮರಳುವ ದಿನ

ರೈಲಿಗೆ ಮುನ್ನ ಸಮಯವಿತ್ತು, ಬಿಸಿಲೂ ಇತ್ತು. ಹೋಟೆಲಿನ ಕಿಟಕಿಯಲ್ಲಿ ಒಂದು ಸಣ್ಣ ಪ್ರಯೋಗ ಮಾಡಿದೆ: ಒಂದೇ ಬಾಟಲಿಯ ಬಿಯರನ್ನು ಎರಡು ಲೋಟಗಳಿಗೆ ಹಂಚಿ, ಒಂದನ್ನು ನೇರ ಬಿಸಿಲಿನಲ್ಲೂ ಇನ್ನೊಂದನ್ನು ಕಪಾಟಿನ ಕತ್ತಲಲ್ಲೂ ಇಟ್ಟು, ಸ್ವಲ್ಪ ಹೊತ್ತಿನ ಮೇಲೆ ಮೂಸಿದೆ. ಕತ್ತಲಲ್ಲಿದ್ದುದರಲ್ಲಿ ಶುಕ್ರವಾರದ ಗಿಡಮೂಲಿಕೆಯ ವಾಸನೆ ಹಾಗೆಯೇ ಇತ್ತು. ಬಿಸಿಲಿನದರಲ್ಲಿ ಸುಟ್ಟ ರಬ್ಬರಿನಂಥ, ಕಾಡುಪ್ರಾಣಿಯ ಮೈನಾತದಂಥ ಒಂದು ಗಂಧ ಸೇರಿಕೊಂಡಿತ್ತು. ಬೆಳಕು ಬಿದ್ದಾಗ ಐಸೊ ಆಲ್ಫಾ ಆಮ್ಲಗಳು ಒಡೆದು, ಬಿಯರಿನಲ್ಲಿರುವ ಗಂಧಕದ ಅಂಶದೊಡನೆ ಸೇರಿ, ಸ್ಕಂಕ್ ಎಂಬ ಪ್ರಾಣಿ ಚಿಮ್ಮಿಸುವ ದ್ರವದ ವಾಸನೆಗೆ ತೀರಾ ಹತ್ತಿರದ ಸಂಯುಕ್ತವಾಗುತ್ತವೆ. ಅತ್ಯಲ್ಪ ಪ್ರಮಾಣವೂ ಮೂಗಿಗೆ ತಿಳಿಯುತ್ತದೆ. ಕಂದು ಗಾಜು ಈ ಬೆಳಕನ್ನು ಬಹುಮಟ್ಟಿಗೆ ತಡೆಯುತ್ತದೆ, ಹಸಿರು ಗಾಜು ಅಷ್ಟು ತಡೆಯುವುದಿಲ್ಲ. ಹಾಪ್ಸ್ ಹೆಚ್ಚಿರುವ ಬಿಯರಿಗೆ ಅಪಾಯವೂ ಹೆಚ್ಚು. ಹಸಿರು ಬಾಟಲಿ ಯೇಫರ್‌ನ ಮುಖಚಹರೆಯೇ ಆಗಿಬಿಟ್ಟಿದೆ, ಅದನ್ನು ಬದಲಾಯಿಸೆಂದು ಯಾರೂ ಕೇಳಲಾರರು. ವಿಚಿತ್ರವೆಂದರೆ, ಹಸಿರು ಬಾಟಲಿಗಳ ಈ ಗಂಧಕ್ಕೇ ಹೊಂದಿಕೊಂಡು ಅದನ್ನೇ ಪಿಲ್ಸ್‌ನರ್‌ನ ಸಹಜ ಪರಿಮಳವೆಂದು ತಿಳಿದವರು ಜಗತ್ತಿನಾದ್ಯಂತ ಇದ್ದಾರೆ.

ಮಧ್ಯಾಹ್ನದ ರೈಲಿನಲ್ಲಿ ಬ್ರೆಮೆನ್‌ಗೆ ಮರಳಿದೆ. ಗೆಳೆಯನಿಗೆಂದು ಮದ್ಯಸಾರವಿಲ್ಲದ 'ಯೇಫರ್ ಫನ್' ತಂದಿದ್ದೆ, ಅವನು ಕಾರು ಓಡಿಸಬೇಕಿತ್ತು; ಕಹಿಯ ಆಕಾರ ಅದರಲ್ಲೂ ಉಳಿದಿದೆ, ಆದರೆ ನಡುವಿನಲ್ಲಿ ಮಾಲ್ಟ್ ರಸದ ಹಸಿರುಚಿ ಇಣುಕುತ್ತದೆ. ಜರ್ಮನಿಗೆ ಹೋಗುವವರು ಯೇಫರನ್ನು ಅಂಗಡಿಯಲ್ಲಿ ಕೊಳ್ಳುವುದಾದರೆ ದೀಪದಡಿಯ ಕಪಾಟಿನ ಮುಂದಿನ ಸಾಲನ್ನು ಬಿಟ್ಟು ಕ್ರೇಟಿನ ಒಳಗಿನಿಂದಲೋ, ಮುಚ್ಚಿದ ರಟ್ಟಿನ ಪೆಟ್ಟಿಗೆಯಿಂದಲೋ ತೆಗೆದುಕೊಳ್ಳಬೇಕು. ಫ್ರಿಜ್ಜಿನಿಂದ ತೆಗೆದ ಕೂಡಲೇ ಕುಡಿಯದೆ 7, 8 ಡಿಗ್ರಿಗೆ ಬರಲು ಬಿಟ್ಟು, ಲೋಟಕ್ಕೆ ಸುರಿದು, ಪಕ್ಕದಲ್ಲಿ ಉಪ್ಪಿನ ತಿಂಡಿ ಏನಾದರೂ ಇಟ್ಟುಕೊಂಡರೆ ಒಳ್ಳೆಯದು. ಸಾಧ್ಯವಿದ್ದರೆ ನಲ್ಲಿಯ ಬಿಯರನ್ನೇ ಕೇಳಬೇಕು, ಅದೂ ಜನ ಹೆಚ್ಚು ಬರುವ ಪಾನಗೃಹದಲ್ಲಿ, ಪೀಪಾಯಿ ಬೇಗ ಖಾಲಿಯಾಗುವ ಕಡೆ.